ಡೊಮೈನ್ ನೋಂದಣಿ: ಮನೆ ವಿಳಾಸ ಬಯಲಾಗದಿರಲಿ

ಮಾನ್ಯರೇ,

ಜಾಲತಾಣದ ಹೆಸರು (ಡೊಮೈನ್) ಕೊಂಡೊಡನೆ ಅಪರಿಚಿತ ಮಾರಾಟ ಕರೆಗಳು ಶುರುವಾದರೆ ಆ ಹೆಸರಿನ ಮಾಲೀಕರ ವಿವರವಿರುವ ಸಾರ್ವಜನಿಕ ‘ಹೂಈಸ್’ ದಾಖಲೆಯನ್ನೊಮ್ಮೆ ನೋಡಿ. ಡೊಮೈನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಜಾಗತಿಕ ಸಂಸ್ಥೆ ಐಕ್ಯಾನ್‌ನ 2018ರ ಮೇ ತಿಂಗಳ ನಿಯಮದ ಬಳಿಕ ಡಾಟ್ ಕಾಮ್‌ನಂಥ ಹೆಸರುಗಳಲ್ಲಿ ಮಾಲೀಕರ ಫೋನ್, ವಿಳಾಸಗಳನ್ನು ಹೆಚ್ಚಿನ ನೋಂದಣಿ ಕಂಪನಿಗಳು ಮರೆಮಾಡುತ್ತವೆ. ಆದರೆ ‘ಸಂಸ್ಥೆ’ ಅಂಕಣ ಹಲವೆಡೆ ಬಹಿರಂಗ. ವ್ಯಕ್ತಿಗತ ತಾಣವಾದರೆ ಅಲ್ಲಿ ಸ್ವಂತ ಹೆಸರು ತುಂಬಬೇಡಿ, ಖಾಲಿ ಬಿಡಿ. ಗೋಪ್ಯತಾ ಆಯ್ಕೆಯನ್ನು ಖರೀದಿಯ ಹೊತ್ತಿಗೇ ಒತ್ತಬೇಕು. ಒಮ್ಮೆ ಬಯಲಾದ ವಿವರವನ್ನು ನಕಲಿಸಿಟ್ಟುಕೊಳ್ಳುವುದೇ ಕೆಲವರ ವ್ಯಾಪಾರ, ಆಮೇಲೆ ಮುಚ್ಚಿ ಫಲವಿಲ್ಲ.

ಡಾಟ್ ಇನ್ ಹೆಸರುಗಳಿಗೆ ಮಾಲೀಕರ ಬದಲು ಬೇರೆಯವರ ಹೆಸರು ತೋರಿಸುವ ಗೋಪ್ಯತಾ ಸೇವೆಗೆ ಅವಕಾಶವಿಲ್ಲ. ಹಾಗೆಂದು ಸುಳ್ಳು ವಿಳಾಸ ಕೊಟ್ಟರೆ ಹೆಸರೇ ರದ್ದಾದೀತು. ವ್ಯವಹಾರಕ್ಕೆಂದೇ ಪ್ರತ್ಯೇಕ ಸಿಮ್, ಇಮೇಲ್ ಇಟ್ಟುಕೊಳ್ಳುವುದು ಲೇಸು. ಆ ಇಮೇಲ್ ಅದೇ ಡೊಮೈನಿನದ್ದಾಗಿರಬಾರದು: ಅವಧಿ ಮುಗಿದರೆ ನವೀಕರಣದ ಎಚ್ಚರಿಕೆಯೂ ತಲುಪದು.

– ಒಬ್ಬ ಓದುಗ