ಗೆಳೆಯನಿಗೊಂದು ಪತ್ರ: ಎರಡು 'ದಿ.' ಮತ್ತು ತಂಗಿ ಮದುವೆ

ಮಾರಾಯಾ,

ನಾವಿಲ್ಲಿ ಕ್ಷೇಮ. ನಿನ್ನ ಕ್ಷೇಮ ವಾಟ್ಸಾಪ್ ಸ್ಟೇಟಸ್‌ನಲ್ಲಿ ದಿನಾ ಕಾಣ್ತಿದೆ, ಹಾಗಾಗಿ ಕೇಳೋದಿಲ್ಲ. ತೀರ್ಥಹಳ್ಳಿಯಲ್ಲಿ ಮಳೆ ಹನಿ ಕಡಿದಿಲ್ಲ. ಹಸಿರು ಛತ್ರಿ ಇನ್ನೂ ನಮ್ಮನೇಲೇ ಇದೆ. ಎಲ್ಲರೆದುರು ಆ ವಿಷಯ ಎತ್ತೋದಿಲ್ಲ, ಹೆದರಬೇಡ.

ತಂಗಿ ಲಗ್ನಪತ್ರಿಕೆ ಅಚ್ಚು ಹಾಕಿಸೋ ಕೆಲಸ ನನ್ನ ತಲೆಗೆ ಬಿತ್ತು. ಪ್ರೆಸ್ಸಿನವರಿಗೆ ಸದಾ ಜಾಗದ್ದೇ ಚಿಂತೆ, ಕಂಡದ್ದನ್ನೆಲ್ಲ ಚುಕ್ಕಿ ಇಟ್ಟು ಮೊಟಕು ಮಾಡ್ತಾರೆ. ಚಿ., ಸೌ., ಜಿ. ಮದುವೆ ದಿನಕ್ಕೆ ನಾನು 'ತಾ.' ಅಂತ ಬರೆದುಕೊಟ್ಟಿದ್ದೆ. ಕೆಳಗೇ 'ತೀರ್ಥಹಳ್ಳಿ ತಾ.' ಕೂತಿತ್ತು. ತಾರೀಖು, ತಾಲ್ಲೂಕು ಎರಡೂ ಅರಬ್ಬಿಯಲ್ಲಿ ಹುಟ್ಟಿ, ಪಾರ್ಸಿ ದಾರಿ ಹಿಡಿದು ನಮ್ಮ ಕಂದಾಯದ ಕಡತಕ್ಕೆ ಬಂದವು. ಒಂದೇ ಪುಟದಲ್ಲಿ ಎರಡು ತಾ. ಬೇಡ, ತಾರೀಖಿಗೆ 'ದಿ.' ಹಾಕೋಣ ಅಂದ್ರು ಪ್ರೆಸ್ಸಿನವರು. ಹಾಕಿ ಅಂದೆ.

ಆಮೇಲೆ ಅಪ್ಪಯ್ಯನ ಹೆಸರಿನ ಸಾಲು ಬಂತು. ಅಲ್ಲೂ 'ದಿ.'

ದಿವಂ ಗತ, ದಿವಕ್ಕೆ ಹೋದವರು. ಸಂಸ್ಕೃತದಲ್ಲಿ ದಿವ್ ಅಂದ್ರೆ ಆಕಾಶವೂ ಹೌದು, ಹಗಲೂ ಹೌದು. ದಿವಸ, ದಿವಾಕರ ಎಲ್ಲ ಅಲ್ಲಿಂದಲೇ. ದಿನ ಅನ್ನೋದೂ 'ಹೊಳೆಯೋದು' ಅನ್ನೋ ಅರ್ಥದ ಅದೇ ಹಳೇ ಧಾತುವಿನ ಸಂಬಂಧಿ ಅಂತಾರೆ ಭಾಷಾಶಾಸ್ತ್ರದವರು. ಅಂದರೆ ಮದುವೆ ಯಾವತ್ತು ಅಂತ ಹೇಳೋದೂ ಅಪ್ಪಯ್ಯ ಇಲ್ಲ ಅಂತ ಹೇಳೋದೂ ಒಂದೇ ಮನೆಯವು. ಓದೋರಿಗೆ ಗೊಂದಲವಿಲ್ಲ: ಮುಂದೆ ಅಂಕಿ ಇದ್ದರೆ ದಿನಾಂಕ, ಹೆಸರಿದ್ದರೆ ಮುಗೀತು. ಭದ್ರಾವತಿಯಲ್ಲಿ 'ದಿ ಮೈಸೂರು ಪೇಪರ್ ಮಿಲ್ಸ್' ಅಂತ ಓದಿ, ಪಾಪ ಕಾರ್ಖಾನೆ ತೀರ್ಕೊಂಡಿದೆ ಅಂದಿದ್ದೆಯಲ್ಲ ನೀನು? 1936ರಲ್ಲಿ ಶುರುವಾದದ್ದು, ಆಗಿನ್ನೂ ಹೊಗೆ ಬಿಡ್ತಿತ್ತು. ಈಗ ನಿಜವಾಗಿಯೂ ನಿಂತಿದೆ. ನಿನ್ನ ಬಾಯಿಗಿಷ್ಟು!

ಎಲ್ಲಿದ್ದೆ? ಹಾಂ. "ಅದೊಂದು ಬಿಟ್ಬಿಡಿ, ಜಾಗ ಉಳಿಯುತ್ತೆ" ಅಂದೆ. ಉಳಿಯೋದೆಷ್ಟು, ಒಂದಕ್ಷರ, ಒಂದು ಚುಕ್ಕಿ. ಸುಖಾಗಮನ ಬಯಸುವವರಲ್ಲಿ ಹೊಸನಗರದ ಚಿಕ್ಕಪ್ಪನ ಮೊಮ್ಮಕ್ಕಳ ಮುದ್ದಿನ ಹೆಸರುಗಳೂ ಇವೆ, ಅವಕ್ಕೆಲ್ಲ ಜಾಗ ಇತ್ತು. ಕರಡು ನೋಡಿದ ಅಮ್ಮ, "ದಿ. ಹಾಕ್ಸು ಮಾರಾಯಾ. ಛತ್ರಕ್ಕೆ ಬಂದೋರೆಲ್ಲ ಯಜಮಾನ್ರು ಎಲ್ಲಿ ಅಂತ ಕೇಳಿದ್ರೆ ನಾನು ಎಷ್ಟು ಜನಕ್ಕೆ ಹೇಳ್ಲಿ?" ಅಂದ್ಲು.

ಕೇಳಲಿ ಅಂತಲೇ ನನಗಿತ್ತು ಕಣೋ. ಗೊತ್ತಿಲ್ಲದೋರು ಒಬ್ಬರಾದ್ರೂ ಬಂದು, ಅಡಿಗೆಮನೆ ಕಡೆ ಇದಾರೇನೋ ಅಂತ ಅತ್ತ ಹೋಗಿ ಬಗ್ಗಿ ನೋಡ್ಲಿ ಅಂತ. ಊಟದ ದಿನ ಅಡಿಗೆಭಟ್ಟರ ಪ್ರಾಣ ತಿನ್ನೋದು ಅಪ್ಪಯ್ಯನ ಖಾಯಂ ಕೆಲಸ, ನಿನಗೇ ಗೊತ್ತು. ಇದನ್ನ ಬರೆಯೋ ಲೆಕ್ಕ ಇರಲಿಲ್ಲ.

ಸಾಕು. ನಿಮ್ಮ ಅತ್ತೆಯೂ ಇದನ್ನ ಓದ್ತಾರೆ, ಸಮಾಧಾನ ಮಾಡೋಕೆ ಅಂತ ಚಕ್ಕುಲಿ ಡಬ್ಬಿ ಹಿಡಿದು ಬಂದಾರು. ಬರಲಿ, ಚಕ್ಕುಲಿಗೆ ನನ್ನ ಅಡ್ಡಿಯಿಲ್ಲ. 'ದಿ.' ಎರಡೂ ಕಡೆ ಹಾಕಿಸಿದೆ. ನಿನ್ನ ಪತ್ರಿಕೆಯ ಮೇಲೆ 'ಚಿ.' ಅಂತ ಬರೆದಿದೀನಿ, ನಿನ್ನ ತಲೆ ನೋಡಿದೋರು ನಗ್ತಾರೆ. ಉಡುಗೊರೆ ತರಬೇಡಿ ಅಂತ ಕೊನೆಗೆ ಒಂದು ಸಾಲಿದೆ. ಅದು ನಿನಗೆ ಅನ್ವಯಿಸೋದಿಲ್ಲ.

ಇಂತಿ ನಿನ್ನ
ಮೂರನೇ ಬೆಂಚಿನವ