ಪಿಎಚ್‌ಡಿ ಮುಗಿಯಿತು, ಇವರಿಗೆಲ್ಲ ಶರಣು

ಹೋದ ವಾರ ವೈವಾ, ಅಂದರೆ ಬಾಯಿಮಾತಿನ ಪರೀಕ್ಷೆ ಆಯಿತು. ವಿಜಯಪುರದ ಕರಿ ಕಲ್ಲನ್ನೂ ಚಂದ್ರನ ಕರಿ ಕಲ್ಲನ್ನೂ ಹೋಲಿಸಿ ಬರೆದ ನನ್ನ ಥೀಸಿಸ್ ಪಾಸಾಯಿತು. ಅದರಲ್ಲಿ ಥ್ಯಾಂಕ್ಸ್ ಹೇಳಲು ಇರುವುದು ಒಂದೇ ಪುಟ, ಅದು ದೊಡ್ಡವರ ಹೆಸರಿನಿಂದಲೇ ತುಂಬಿಹೋಯಿತು. ಉಳಿದವರಿಗೆ ಇಲ್ಲಿ.

ಮೊದಲು ದೊಡ್ಡಪ್ಪ. ಇಂಡಿ ಕಡೆ ಬಾವಿ ತೋಡುತ್ತಲೇ ವಯಸ್ಸಾದವರು. ಒಂದು ದಿನ ಬಾವಿಯೊಳಗೆ ಇಳಿಸಿ ಗೋಡೆ ತೋರಿಸಿದರು. ಮೇಲೆ ಎರಿ ಮಣ್ಣು, ಕೆಳಗೆ ಗರಸು, ಆಮೇಲೆ ಹಾರೆಗೆ ಜಗ್ಗದ ಕರಿ ಕಲ್ಲು. ಅದರ ಬುಡದಲ್ಲಿ ಗೇಣುದ್ದ ಕೆಂಪು ಮಣ್ಣಿನ ಪಟ್ಟಿ. ಮತ್ತೆ ಕಲ್ಲು. "ಕೆಂಪ್ ಮಣ್ಣ ಬಂತಂದ್ರ ಒಂದ್ ಕಲ್ಲ ಮುಗೀತು, ಇನ್ನೊಂದ್ ಸುರು ಆತು ಅಂತ ತಿಳ್ಕೋ ಯವ್ವಾ" ಎಂದರು. ನಮ್ಮ ಪಠ್ಯದಲ್ಲಿ ಇರುವುದೂ ಅದೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಒಂದರ ಮೇಲೊಂದು ಹರಿದು ಈ ಕಲ್ಲಾಯಿತು. ಒಂದು ಹರಿವು ಆರಿದ ಮೇಲೆ ಮುಂದಿನದು ಬರಲು ತಡವಾದರೆ, ಮೇಲ್ಮೈ ಗಾಳಿ ಮಳೆಗೆ ಕೊಳೆತು ಕೆಂಪು ಮಣ್ಣಾಗುತ್ತದೆ.

ಚಂದ್ರನ ಮೇಲೂ ಹೀಗೇ ಲಾವಾ ಹರಿದಿದೆ, ಆದರೆ ಬಹಳ ಹಿಂದೆ. ಅಪೊಲೊ ಯಾತ್ರಿಗಳು ತಂದ ಅಲ್ಲಿನ ಲಾವಾ ಕಲ್ಲುಗಳಿಗೆ 300 ಕೋಟಿ ವರ್ಷಕ್ಕಿಂತ ಜಾಸ್ತಿ ವಯಸ್ಸು. ಅಲ್ಲಿ ಒಂದು ಆಳವಾದ ಗುಂಡಿ ಇರುವುದನ್ನು ಜಪಾನಿನ ಕಗುಯಾ ನೌಕೆಯ ತಂಡ 2009ರಲ್ಲಿ ತಿಳಿಸಿತು. ಆಮೇಲೆ ಅಮೆರಿಕದ ಎಲ್‌ಆರ್‌ಒ ನೌಕೆ ಇಂಥ ಗುಂಡಿಗಳನ್ನು ಓರೆಯಾಗಿ ನೋಡಿದಾಗ ಗೋಡೆಯಲ್ಲಿ ಪದರಗಳು ಕಂಡವು. ದೊಡ್ಡಪ್ಪನಿಗೆ ಆ ಫೋಟೋ ತೋರಿಸಿದೆ. "ಕೆಂಪ್ ಮಣ್ಣ ಎಲ್ಲೈತಿ?" ಎಂದು ಕೇಳಿದರು. ಗಾಳಿ, ಮಳೆ ಇಲ್ಲದ ಕಡೆ ಅದು ಆಗುವುದಿಲ್ಲ. ವೈವಾದಲ್ಲಿ ಪರೀಕ್ಷಕರು ಹೆಚ್ಚುಕಮ್ಮಿ ಇದೇ ಪ್ರಶ್ನೆ ಕೇಳಿದರು ನೋಡಿ!

ಖಡಿ ಮಷೀನಿನ ಅಣ್ಣಂದಿರಿಗೆ ಶರಣು. ಬಿಸಿಲಿಗೆ ಮಾಸದ ಹೊಸ ಕಲ್ಲು ಒಡೆದು ಕೊಟ್ಟರು. "ಲಾರಿಗಟ್ಲೆ ಖಡಿ ಒಯ್ಯೋರನ್ನ ನೋಡೀವಿ, ಒಂದೊಂದ್ ಕಲ್ಲಿಗೆ ಚೀಟಿ ಹಚ್ಚಿ ಒಯ್ಯೋರನ್ನ ನೋಡಿಲ್ಲ" ಎಂದು ನಕ್ಕರು.

ಲ್ಯಾಬಿನಲ್ಲಿ ಸ್ಲೈಡ್ ಮಾಡಿಕೊಟ್ಟ ಕಾಕಾ ಇಲ್ಲದಿದ್ದರೆ ಥೀಸಿಸ್ಸೇ ಇಲ್ಲ. ಕಲ್ಲಿನ ಬಿಲ್ಲೆಯನ್ನು ಗಾಜಿಗೆ ಅಂಟಿಸಿ, ಕಾರ್ಬೊರಂಡಮ್ ಪುಡಿಯಲ್ಲಿ 0.03 ಮಿಲಿಮೀಟರಿಗೆ ಇಳಿಯುವ ತನಕ ಉಜ್ಜಬೇಕು. ಅಳತೆ ಕಡ್ಡಿ ಇಲ್ಲ. ಆಗಾಗ ಮೈಕ್ರೋಸ್ಕೋಪಿನಲ್ಲಿ ಫೆಲ್ಡ್‌ಸ್ಪಾರ್ ಹರಳಿನ ಬಣ್ಣ ನೋಡುತ್ತಾರೆ. ಹಳದಿ ಕಂಡರೆ ಇನ್ನೂ ದಪ್ಪ, ಬೂದು ಬಂದರೆ ಸಾಕು. ಒಂದೆರಡು ಸುತ್ತು ಜಾಸ್ತಿ ಉಜ್ಜಿದರೆ ಗಾಜು ಮಾತ್ರ ಉಳಿಯುತ್ತದೆ. ನಮ್ಮ ಕಲ್ಲಿನ ಆಲಿವಿನ್ ಹರಳುಗಳ ಅಂಚು ನೀರಿನಿಂದ ಕೆಟ್ಟಿತ್ತು, ಲಾವಾದ ಗಾಳಿ ಗುಳ್ಳೆಗಳಿದ್ದ ತೂತುಗಳಲ್ಲಿ ನೀರಿನಿಂದ ಬೆಳೆಯುವ ಬಿಳಿ ಹರಳು ಜಿಯೊಲೈಟ್ ತುಂಬಿತ್ತು. ಚಂದ್ರನ ಕಲ್ಲಿನ ಚಿತ್ರಗಳಲ್ಲಿ ಅದೇ ಆಲಿವಿನ್ ನಿನ್ನೆ ಆರಿದ ಹಾಗೆ ಹೊಸದಾಗಿದೆ.

ಚಂದ್ರಯಾನದ ಮಾಹಿತಿಯನ್ನು 'ಪ್ರದಾನ್' ತಾಣದಲ್ಲಿ ಎಲ್ಲರಿಗೂ ಪುಕ್ಕಟೆ ಕೊಡುವ ಇಸ್ರೋದವರಿಗೂ ನಮಸ್ಕಾರ. ಚಂದ್ರಯಾನ-1ರಲ್ಲಿ ಹೋಗಿದ್ದ ನಾಸಾದ ಎಂ3 ಉಪಕರಣದ ಮಾಹಿತಿಯೂ ಬಿಟ್ಟಿ. ಚಂದ್ರನಿಂದ ಮರಳುವ ಬೆಳಕನ್ನು ಅಳೆದು ಅಲ್ಲಿ ಯಾವ ಹರಳಿದೆ ಎಂದು ತಿಳಿಸುವ ಉಪಕರಣ ಅದು. ಪೈರಾಕ್ಸಿನ್ ಹರಳು 1 ಮತ್ತು 2 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಹತ್ತಿರದ ಅಲೆಯುದ್ದದ ಬೆಳಕನ್ನು ನುಂಗುತ್ತದೆ, ಗ್ರಾಫಿನಲ್ಲಿ ಅಲ್ಲಿ ತಗ್ಗು ಬೀಳುತ್ತದೆ. ಆ ಎರಡು ತಗ್ಗು ಚಂದ್ರನ ಗ್ರಾಫಿನಲ್ಲೂ ಇದ್ದವು, ಇಂಡಿ ಕಲ್ಲಿನ ಗ್ರಾಫಿನಲ್ಲೂ ಇದ್ದವು. ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ನಡುವೆ ಫೆಲೋಶಿಪ್ ನಿಂತಿತು. ಯಾರು, ಯಾಕೆ ಅಂತ ಬೇಡ ಬಿಡಿ. ಅವ್ವ ಎಮ್ಮೆ ಹಾಲಿನ ರೊಕ್ಕ ಕಳಿಸಿದಳು. ಹಾಸ್ಟೆಲ್ಲಿನ ಗೆಳತಿಯರು ಮೆಸ್ ಬಿಲ್ ಕಟ್ಟಿ, ರೊಕ್ಕ ವಾಪಸ್ ಕೇಳಲೇ ಇಲ್ಲ. ಗೈಡ್ ಮೇಡಂ "ರೊಕ್ಕದ ಚಿಂತಿ ನಂಗಿರಲಿ, ನೀ ಬರಿ" ಎಂದರು.

ಊರಲ್ಲಿ ಈಗಲೂ ಕೇಳುತ್ತಾರೆ, ನಿಮ್ಮ ದುರ್ಬೀನು ಎಲ್ಲಿದೆ ಅಂತ. ನಾನು ದುರ್ಬೀನಿನಲ್ಲಿ ನೋಡಿದ್ದು ಕಮ್ಮಿ, ಸುತ್ತಿಗೆ ಹಿಡಿದದ್ದೇ ಜಾಸ್ತಿ. ಗ್ರಹಗಳನ್ನು ಓದಬೇಕು ಅನ್ನುವ ನಮ್ಮ ಜಿಲ್ಲೆಯ ಮಕ್ಕಳಿಗೆ ಜಿಯಾಲಜಿಯೂ ಒಂದು ದಾರಿ ಅಂತ ಯಾರೂ ಹೇಳುವುದಿಲ್ಲ. ಅದಕ್ಕೇ ಸ್ಲೈಡ್ ಡಬ್ಬಿ ಊರಿಗೆ ತರುತ್ತಿದ್ದೇನೆ. ಮೇಡಂ ಒಂದು ಮೈಕ್ರೋಸ್ಕೋಪ್ ಎರವು ಕೊಟ್ಟಿದ್ದಾರೆ. ಬರುವ ರವಿವಾರ ಮನೆಗೆ ಬನ್ನಿ, ಮಕ್ಕಳನ್ನೂ ಕರೆತನ್ನಿ. ಖಡಿ ಮಷೀನಿನವರು ತಪ್ಪಿಸಬಾರದು, ಹೋಳಿಗೆ ಊಟವಿದೆ.