ಶನಿವಾರದೊಳಗೆ ಲ್ಯಾಬ್ ಕಂಪ್ಯೂಟರ್‌ಗಳ ಅಪ್ ಟೈಮ್ ನೋಡಿ ತಿಳಿಸಿ

ಎಲ್ಲರಿಗೂ ನಮಸ್ಕಾರ.

ಸರಸ್ವತಿಪುರಂ ಲ್ಯಾಬಿನ ಕಂಪ್ಯೂಟರ್‌ಗಳು ತುಂಬಾ ನಿಧಾನ ಅಂತ ಮಕ್ಕಳು ಹೇಳುತ್ತಿದ್ದಾರೆ. ಹೊಸ ರ್‍ಯಾಮ್‌ಗೆ ದುಡ್ಡು ಹಾಕುವ ಮೊದಲು, ಒಂದೊಂದೂ ಎಷ್ಟು ಹೊತ್ತಿನಿಂದ ಓಡುತ್ತಿದೆ, ಅಂದರೆ ಅದರ ಅಪ್ ಟೈಮ್ ಎಷ್ಟು, ಅಂತ ನೋಡಿಬಿಡೋಣ. ಬೆಳಗಿನ ಮತ್ತು ಸಂಜೆಯ ಬ್ಯಾಚ್ ನೋಡಿಕೊಳ್ಳುವವರೆಲ್ಲ ಶನಿವಾರ ಸಂಜೆಯೊಳಗೆ ದಯವಿಟ್ಟು ಮಾಡಿ.

ವಿಂಡೋಸ್ ಇದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್, ಆಮೇಲೆ ಸಿಪಿಯು. ಗ್ರಾಫಿನ ಕೆಳಗೆ ಅಪ್ ಟೈಮ್ ಕಾಣುತ್ತದೆ. 9:04:12:30 ಅಂತಿದ್ದರೆ 9 ದಿನ, 4 ಗಂಟೆ, 12 ನಿಮಿಷ, 30 ಸೆಕೆಂಡು. ವಿಂಡೋಸ್ ಬದಲು ಉಬುಂಟು ಇರುವ ಕಡೆ ಟರ್ಮಿನಲ್ ತೆರೆದು ಇಂಗ್ಲಿಷಿನ ಸಣ್ಣಕ್ಷರದಲ್ಲಿ, ಜಾಗ ಬಿಡದೆ ಅಪ್‌ಟೈಮ್ ಅಂತ ಹೊಡೆದು ಎಂಟರ್ ಒತ್ತಿದರೆ ಸಾಕು.

ದಿನಾ ಶಟ್‌ಡೌನ್ ಮಾಡ್ತೀವಲ್ಲ, ಅಷ್ಟೊಂದು ದಿನ ಹೇಗೆ ತೋರಿಸುತ್ತೆ ಅನ್ನಿಸಬಹುದು. ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ, ಶಟ್‌ಡೌನ್ ಮಾಡಿದಾಗ ವ್ಯವಸ್ಥೆಯ ಒಂದು ಭಾಗ ಡಿಸ್ಕಿನಲ್ಲಿ ಉಳಿದು, ಮತ್ತೆ ಆನ್ ಮಾಡಿದಾಗ ಹಾಗೇ ವಾಪಸ್ ಬರುತ್ತದೆ. ಲೆಕ್ಕ ಸೊನ್ನೆಯಾಗುವುದಿಲ್ಲ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಎಲ್ಲ ಹೊಸದಾಗಿ ಶುರುವಾಗುತ್ತದೆ. ಎಷ್ಟೋ ಸಲ ನಿಧಾನಕ್ಕೆ ಅದೇ ಮದ್ದು.

ಆದರೆ ಮೊದಲೇ ರೀಸ್ಟಾರ್ಟ್ ಮಾಡಬೇಡಿ, ನಮಗೆ ಬೇಕಾದ ಲೆಕ್ಕವೇ ಹೋಗುತ್ತದೆ. ಬರೆದುಕೊಂಡ ಮೇಲೆ ಮಾಡಿ. ಮಕ್ಕಳು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಸೇವ್ ಆಗಿದೆಯಾ ಅಂತ ಖಂಡಿತ ನೋಡಿ, ಅವರ ಶ್ರಮ ಹಾಳಾಗಬಾರದು.

ಕಂಪ್ಯೂಟರ್ ನಂಬರ್, ಅಪ್ ಟೈಮ್, ರೀಸ್ಟಾರ್ಟ್ ಆದಮೇಲೆ ವೇಗ ಹೆಚ್ಚಿತಾ ಇಲ್ಲವಾ, ಇಷ್ಟನ್ನು ಇಲ್ಲೇ ಹಾಕಿ. ಈ ವಾರ ಬರಲು ಆಗದವರು ಇವತ್ತೇ ತಿಳಿಸಿ, ಬೇರೆಯವರಿಗೆ ಹೇಳುತ್ತೇನೆ.